ಕಲ್ಯಾಣ ನಗರವನ್ನು ರೂಪಿಸಿದ ವಲಸಿಗರು

ಕಲ್ಯಾಣ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹನ್ನೊಂದನೆಯ ಶತಮಾನದ ನಡುಭಾಗದಿಂದ ಹನ್ನೆರಡನೆಯ ಶತಮಾನದ ಕೊನೆಯವರೆಗೆ ದಖ್ಖನಿನ ಪ್ರಮುಖ ರಾಜಧಾನಿಯಾಗಿತ್ತು. ಮೊದಲು ಪಶ್ಚಿಮ ಚಾಲುಕ್ಯರೂ ನಂತರ ಕಳಚುರಿಗಳೂ ಇಲ್ಲಿಂದ ಆಳಿದರು. ಈ ನಗರಕ್ಕೆ ಹೆಸರು ತಂದವರಲ್ಲಿ ಹೆಚ್ಚಿನವರು ಇಲ್ಲಿ ಹುಟ್ಟಿದವರಲ್ಲ. ಕಾಶ್ಮೀರದ ಕವಿ, ಧರ್ಮಶಾಸ್ತ್ರದ ಪಂಡಿತ, ಬಾಗೇವಾಡಿಯ ಬಸವಣ್ಣ, ಬಳ್ಳಿಗಾವಿಯ ಅಲ್ಲಮಪ್ರಭು, ಹಿಪ್ಪರಗಿಯ ಮಡಿವಾಳ ಮಾಚಯ್ಯ, ಮಾಳವದ ಡೋಹರ ಕಕ್ಕಯ್ಯ ಹೀಗೆ ಬೇರೆ ಬೇರೆ ನಾಡುಗಳಿಂದ ಬಂದವರು ಕಲ್ಯಾಣವನ್ನು ತಮ್ಮ ಊರಾಗಿಸಿಕೊಂಡರು. ಅರಸರು ಕೋಟೆ, ದೇವಾಲಯಗಳನ್ನು ಕಟ್ಟಿಸಿದರೆ, ಕಲ್ಯಾಣ ಎಂಬ ಹೆಸರಿಗೆ ಇಂದಿಗೂ ಉಳಿದಿರುವ ಅರ್ಥವನ್ನು ಕೊಟ್ಟವರು ಮುಖ್ಯವಾಗಿ ಈ ವಲಸಿಗರು.

ಹಿನ್ನೆಲೆ

ಎರಡನೆಯ ತೈಲಪನು ಕ್ರಿ.ಶ. 973ರಲ್ಲಿ ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯ ವಂಶದ ಆಳ್ವಿಕೆಯನ್ನು ಮತ್ತೆ ಸ್ಥಾಪಿಸಿದಾಗ ರಾಜಧಾನಿ ಮಾನ್ಯಖೇಟವಾಗಿತ್ತು. ಅದು ಇಂದಿನ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮಳಖೇಡ. ಆಹವಮಲ್ಲನೆಂಬ ಬಿರುದಿನ ಒಂದನೆಯ ಸೋಮೇಶ್ವರನು (ಸು. 1042–1068) ರಾಜಧಾನಿಯನ್ನು ಕಲ್ಯಾಣಕ್ಕೆ ಬದಲಾಯಿಸಿದನು.

ಹೊಸ ರಾಜಧಾನಿಗೆ ಆರಂಭದಲ್ಲಿಯೇ ಆಪತ್ತು ಒದಗಿತು. ಚೋಳ ದೊರೆ ರಾಜಾಧಿರಾಜನು ಕಲ್ಯಾಣಕ್ಕೆ ನುಗ್ಗಿ ಊರನ್ನು ಸುಟ್ಟನು. ಇಲ್ಲಿಂದ ಅವನು ಕೊಂಡೊಯ್ದ ಒಂದು ದ್ವಾರಪಾಲಕ ವಿಗ್ರಹದ ಪೀಠದ ಮೇಲೆ, ಕಲ್ಯಾಣಪುರವನ್ನು ಸುಟ್ಟು ಇದನ್ನು ತರಲಾಯಿತು ಎಂಬ ತಮಿಳು ಬರಹವಿದೆ. ಬಹುಕಾಲ ದಾರಾಸುರದ ದೇವಾಲಯದಲ್ಲಿದ್ದ ಆ ವಿಗ್ರಹ ಈಗ ತಂಜಾವೂರಿನಲ್ಲಿದೆ. ಈ ಪೆಟ್ಟಿನಿಂದ ಚೇತರಿಸಿಕೊಂಡ ನಗರ, ಆರನೆಯ ವಿಕ್ರಮಾದಿತ್ಯನ ಐವತ್ತು ವರ್ಷಗಳ ಆಳ್ವಿಕೆಯಲ್ಲಿ (1076–1126) ಉಚ್ಛ್ರಾಯಕ್ಕೆ ಏರಿತು. ಅವನು ಶಕವರ್ಷದ ಬದಲಿಗೆ ಚಾಲುಕ್ಯ ವಿಕ್ರಮ ಶಕೆಯನ್ನು ಬಳಕೆಗೆ ತಂದನು.

ಆಸ್ಥಾನಕ್ಕೆ ಬಂದ ವಿದ್ವಾಂಸರು

ಬೆಳೆಯುತ್ತಿದ್ದ ರಾಜಧಾನಿ ದೂರದ ವಿದ್ವಾಂಸರನ್ನು ಸೆಳೆಯಿತು. ಅವರಲ್ಲಿ ಪ್ರಸಿದ್ಧನಾದವನು ಬಿಲ್ಹಣ. ಕಾಶ್ಮೀರದ ಖೋನಮುಖ ಗ್ರಾಮದಲ್ಲಿ ಹುಟ್ಟಿದ ಈತ ಮಥುರಾ, ಕನೌಜ್, ಪ್ರಯಾಗ, ಕಾಶಿ, ಗುಜರಾತ್‌ಗಳನ್ನು ಸುತ್ತಿ ಕೊನೆಗೆ ಕಲ್ಯಾಣಕ್ಕೆ ಬಂದು ನೆಲೆನಿಂತನು. ವಿಕ್ರಮಾದಿತ್ಯನು ಅವನಿಗೆ ವಿದ್ಯಾಪತಿ ಎಂಬ ಪದವಿಯನ್ನಿತ್ತನು. ಅರಸನ ಚರಿತ್ರೆಯನ್ನು ವಸ್ತುವಾಗಿಸಿ ಬಿಲ್ಹಣನು ರಚಿಸಿದ ‘ವಿಕ್ರಮಾಂಕದೇವಚರಿತ’ ಹದಿನೆಂಟು ಸರ್ಗಗಳ ಸಂಸ್ಕೃತ ಮಹಾಕಾವ್ಯ. ಕೊನೆಯ ಸರ್ಗದಲ್ಲಿ ಕವಿ ತನ್ನ ತಾಯ್ನಾಡನ್ನೂ ತಾನು ನಡೆದ ದಾರಿಯನ್ನೂ ನೆನೆದಿದ್ದಾನೆ. ಮರೆತುಹೋಗಿದ್ದ ಈ ಕಾವ್ಯದ ಹಸ್ತಪ್ರತಿಯನ್ನು ಜರ್ಮನ್ ವಿದ್ವಾಂಸ ಬ್ಯೂಲರ್ 1874ರಲ್ಲಿ ಜೈಸಲ್ಮೇರ್‌ನಲ್ಲಿ ಪತ್ತೆಮಾಡಿದರು.

ಅದೇ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಕಲಬುರಗಿ ಜಿಲ್ಲೆಯ ಮರ್ತೂರಿಗೂ ಅವನಿಗೂ ಸಂಬಂಧವಿದೆ ಎಂದು ಹೇಳಲಾಗುತ್ತದೆ. ಗ್ರಂಥದ ಅಂತ್ಯದಲ್ಲಿ ಅವನು ಕಲ್ಯಾಣ ಪಟ್ಟಣವನ್ನೂ ಅದರ ಅರಸನನ್ನೂ ಕೊಂಡಾಡಿದ್ದಾನೆ. ಬ್ರಿಟಿಷರ ಕಾಲದಲ್ಲಿ ಬಂಗಾಳದ ಹೊರಗೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿಹಕ್ಕು, ಪಾಲುಪಟ್ಟಿಗಳ ವ್ಯಾಜ್ಯಗಳು ತೀರ್ಮಾನವಾಗುತ್ತಿದ್ದುದು ಈ ಗ್ರಂಥದ ಆಧಾರದ ಮೇಲೆ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು (1126–1138) ರಾಜನೀತಿಯಿಂದ ಅಡುಗೆಯವರೆಗಿನ ವಿಷಯಗಳನ್ನು ಒಳಗೊಂಡ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು.

ಶರಣರ ಆಗಮನ

ಮೂರನೆಯ ಸೋಮೇಶ್ವರನ ನಂತರ ಚಾಲುಕ್ಯರ ಬಲ ಕುಗ್ಗಿತು. ಮಂಗಳವಾಡದಲ್ಲಿ ಮಾಂಡಲಿಕನಾಗಿದ್ದ ಕಳಚುರಿ ಬಿಜ್ಜಳನು ಸುಮಾರು 1157ರಿಂದ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡನು. ಅವನ ಆಡಳಿತದಲ್ಲಿ ಭಂಡಾರಿಯಾಗಿ ಕಲ್ಯಾಣಕ್ಕೆ ಬಂದವರು ಬಸವಣ್ಣನವರು. ವಿಜಯಪುರ ಜಿಲ್ಲೆಯ ಬಾಗೇವಾಡಿಯ ಕಡೆಯವರಾದ ಅವರು ಉಪನಯನದ ಕಟ್ಟನ್ನು ತೊರೆದು ಕೂಡಲಸಂಗಮದಲ್ಲಿ ಬೆಳೆದಿದ್ದರು. ಕಲ್ಯಾಣದಲ್ಲಿ ಅವರ ಮನೆ ‘ಮಹಾಮನೆ’ ಎನಿಸಿತು. ಜಾತಿ, ಕಸುಬು, ನಾಡು ಯಾವುದನ್ನೂ ಕೇಳದೆ ಬಂದವರಿಗೆ ಅನ್ನವಿಕ್ಕುವ ದಾಸೋಹ ಅಲ್ಲಿ ನಡೆಯುತ್ತಿತ್ತು. ಹೊಸದಾಗಿ ಊರಿಗೆ ಬಂದವನಿಗೆ ಊಟ, ಆಸರೆ, ಆಡಲು ಮಾತು ಮೂರೂ ದೊರೆಯುವ ಈ ಮನೆಯೇ ಮುಂದಿನ ವಲಸೆಗೆ ಕಾರಣವಾಯಿತು.

ಶರಣರು ದುಡಿಮೆಯನ್ನು ‘ಕಾಯಕ’ ಎಂದು ಕರೆದರು. ಹೊಟ್ಟೆಪಾಡಿನ ಕಸುಬೇ ಪೂಜೆಗೆ ಸಮ, ಯಾವ ಕಾಯಕವೂ ಕೀಳಲ್ಲ, ದುಡಿಯದೆ ಉಣ್ಣುವುದು ಸಲ್ಲದು ಎಂಬುದು ಅದರ ತಿರುಳು. ಆದ್ದರಿಂದಲೇ ಹಲವು ಶರಣರ ಹೆಸರಿನ ಹಿಂದೆ ಅವರ ಕಸುಬು ಸೇರಿಕೊಂಡಿದೆ. ಆಯಾ ಶರಣರ ಮೂಲ ಸ್ಥಳ, ಕಾಯಕ ಮತ್ತು ವಚನಗಳ ಅಂಕಿತ ಪರಂಪರೆಯಂತೆ ಹೀಗಿವೆ:

• ಮಡಿವಾಳ ಮಾಚಯ್ಯ: ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ. ಶರಣರ ಬಟ್ಟೆಗಳನ್ನು ಮಡಿ ಮಾಡುವ ಕಾಯಕ. ಅಂಕಿತ ‘ಕಲಿದೇವರದೇವ’.

• ನುಲಿಯ ಚಂದಯ್ಯ: ವಿಜಯಪುರ ಜಿಲ್ಲೆಯ ಶಿವಣಗಿ. ಕೆರೆಯಂಚಿನ ಹುಲ್ಲನ್ನು ಕೊಯ್ದು ಹಗ್ಗ ಹೊಸೆಯುವ ಕಾಯಕ. ಅಂಕಿತ ‘ಚಂದೇಶ್ವರಲಿಂಗ’.

• ಆಯ್ದಕ್ಕಿ ಮಾರಯ್ಯ: ಲಿಂಗಸುಗೂರು ಕಡೆಯ ಅಮರೇಶ್ವರ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕ. ಅಂಕಿತ ‘ಅಮರೇಶ್ವರಲಿಂಗ’.

• ಮೋಳಿಗೆ ಮಾರಯ್ಯ: ಕಾಶ್ಮೀರ. ಅರಸೊತ್ತಿಗೆ ಬಿಟ್ಟು ಬಂದು ಕಟ್ಟಿಗೆಯ ಹೊರೆ ಮಾರಿ ಜೀವಿಸಿದವರು. ಅಂಕಿತ ‘ನಿಃಕಳಂಕ ಮಲ್ಲಿಕಾರ್ಜುನ’.

• ಡೋಹರ ಕಕ್ಕಯ್ಯ: ಮಾಳವ. ಚರ್ಮ ಹದಮಾಡುವ ಕಾಯಕ. ಅಂಕಿತ ‘ಅಭಿನವ ಮಲ್ಲಿಕಾರ್ಜುನ’.

• ಕಿನ್ನರಿ ಬೊಮ್ಮಯ್ಯ: ಆಂಧ್ರ. ಅಕ್ಕಸಾಲಿಕೆಯನ್ನು ಬಿಟ್ಟು ತ್ರಿಪುರಾಂತಕ ದೇವರ ಮುಂದೆ ಕಿನ್ನರಿ ನುಡಿಸಿದವರು. ಅಂಕಿತ ‘ಮಹಾಲಿಂಗ ತ್ರಿಪುರಾಂತಕ’.

• ಉರಿಲಿಂಗಪೆದ್ದಿ: ಕಳ್ಳತನದ ಬದುಕನ್ನು ತೊರೆದು ಗುರು ಉರಿಲಿಂಗದೇವರಿಂದ ದೀಕ್ಷೆ ಪಡೆದು ವಿದ್ವಾಂಸರಾದವರು. ಅಂಕಿತ ‘ಉರಿಲಿಂಗಪೆದ್ದಿಪ್ರಿಯ ವಿಶ್ವೇಶ್ವರ’.

ಇವರಲ್ಲದೆ ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣ, ಚೌಡದಾನಪುರದ ಅಂಬಿಗರ ಚೌಡಯ್ಯ, ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರು, ಆಫ್ಘಾನಿಸ್ತಾನದ ಕಡೆಯಿಂದ ಬಂದರೆಂದು ಪ್ರತೀತಿಯಿರುವ ಮರುಳಶಂಕರದೇವರು ಕಲ್ಯಾಣದ ಬಳಗಕ್ಕೆ ಸೇರಿದವರು. ಅಂದಿನ ಸಮಾಜದಲ್ಲಿ ಊರ ಹೊರಗೆ ಇರಬೇಕಾಗಿದ್ದ ಕಕ್ಕಯ್ಯನವರಂಥವರು ಈ ಬಳಗದಲ್ಲಿ ಹಿರಿಯರೆನಿಸಿದರು. ಬಸವಣ್ಣನವರು ತಮ್ಮ ವಚನಗಳಲ್ಲಿ ಅವರನ್ನು ತಮ್ಮ ಮನೆಯ ಹಿರಿಯರ ಸಾಲಿನಲ್ಲಿ ಇರಿಸಿ ನೆನೆದಿದ್ದಾರೆ.

ಮಹಿಳೆಯರು

ಕಲ್ಯಾಣಕ್ಕೆ ಬಂದ ಮಹಿಳೆಯರಲ್ಲಿ ಅಕ್ಕಮಹಾದೇವಿಯವರು ಅಗ್ರಗಣ್ಯರು. ಶಿವಮೊಗ್ಗ ಜಿಲ್ಲೆಯ ಉಡುತಡಿಯಿಂದ ಒಬ್ಬಂಟಿಯಾಗಿ ಬಂದ ಅವರನ್ನು ಅಲ್ಲಮಪ್ರಭುಗಳು ಪ್ರಶ್ನೆಗಳಿಂದ ಪರೀಕ್ಷಿಸಿದ ಸಂದರ್ಭ ‘ಶೂನ್ಯಸಂಪಾದನೆ’ಯ ಪ್ರಸಿದ್ಧ ಭಾಗಗಳಲ್ಲಿ ಒಂದು. ಅವರು ಕಲ್ಯಾಣದಲ್ಲಿ ಕೆಲಕಾಲವಿದ್ದು ಶ್ರೀಶೈಲಕ್ಕೆ ತೆರಳಿದರು.

ನಿತ್ಯದ ದುಡಿಮೆಯಿಂದ ನಗರದ ಬದುಕನ್ನು ನಡೆಸಿದ ಮಹಿಳೆಯರೂ ವಚನಕಾರ್ತಿಯರಾದರು. ನೂಲು ತೆಗೆಯುವ ಕದಿರ ರೆಮ್ಮವ್ವೆ, ಧಾನ್ಯ ಕುಟ್ಟುವ ಕೊಟ್ಟಣದ ಸೋಮಮ್ಮ, ಅಂಗಳ ಗುಡಿಸುವ ಸತ್ಯಕ್ಕ, ಹಡಪದ ಅಪ್ಪಣ್ಣನವರ ಪತ್ನಿ ಲಿಂಗಮ್ಮ ಇವರಲ್ಲಿ ಕೆಲವರು. ಬಸವಣ್ಣನವರ ಅಕ್ಕ ನಾಗಮ್ಮ ಮತ್ತು ಪತ್ನಿಯರಾದ ಗಂಗಾಂಬಿಕೆ, ನೀಲಾಂಬಿಕೆಯರು ಮಹಾಮನೆಯ ಹೊಣೆಯನ್ನು ಹೊತ್ತಿದ್ದರು.

ಆಯ್ದಕ್ಕಿ ಮಾರಯ್ಯನವರ ಪತ್ನಿ ಲಕ್ಕಮ್ಮನವರ ಪ್ರಸಂಗ ಈ ಕಾಲದ ಮನೋಧರ್ಮಕ್ಕೆ ಒಳ್ಳೆಯ ನಿದರ್ಶನ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದರು. ದಿನದ ದಾಸೋಹಕ್ಕೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಬಿದ್ದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಬಡತನ ಕೈಯಲ್ಲಿಲ್ಲ, ಆಸೆಯಲ್ಲಿದೆ ಎಂಬುದು ಅವರ ನಿಲುವು. ಹೊಸ ಊರಿಗೆ ಬರಿಗೈಯಲ್ಲಿ ಬಂದ ಕುಟುಂಬವೊಂದು ಕೂಡಿಡುವುದನ್ನು ನಿರಾಕರಿಸಿದ ಈ ಪ್ರಸಂಗವನ್ನು ಶರಣ ಸಾಹಿತ್ಯ ವಿಶೇಷವಾಗಿ ಎತ್ತಿಹಿಡಿದಿದೆ.

ಅನುಭವ ಮಂಟಪ

ಶರಣರು ಒಂದೆಡೆ ಕುಳಿತು ವಿಚಾರ ನಡೆಸಿದ ಗೋಷ್ಠಿಯನ್ನು ಪರಂಪರೆಯು ‘ಅನುಭವ ಮಂಟಪ’ ಎಂದು ಕರೆಯುತ್ತದೆ. ಅದರ ಅಧ್ಯಕ್ಷ ಸ್ಥಾನವಾದ ಶೂನ್ಯಸಿಂಹಾಸನವನ್ನು ಏರಿದವರು ಅಲ್ಲಮಪ್ರಭುಗಳು. ಬಳ್ಳಿಗಾವಿಯಲ್ಲಿ ಮದ್ದಳೆ ನುಡಿಸುತ್ತಿದ್ದು ಅನಂತರ ಸಂಚಾರಿಯಾದ ಅವರಿಗೆ ಕಲ್ಯಾಣವೂ ಶಾಶ್ವತ ನೆಲೆಯಾಗಿರಲಿಲ್ಲ. ಅರಸನ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರೂ ಹಗ್ಗ ಹೊಸೆಯುವವರೂ ಒಂದೇ ಗೋಷ್ಠಿಯಲ್ಲಿ ಕನ್ನಡದಲ್ಲಿಯೇ ವಾದಿಸಿದರು. ಸಂಸ್ಕೃತದ ಬಿಲ್ಹಣ, ವಿಜ್ಞಾನೇಶ್ವರರ ರಾಜಧಾನಿ ಅರ್ಧ ಶತಮಾನದೊಳಗೆ ಕನ್ನಡ ವಚನದ ನಗರವಾಯಿತು.

ಕಲ್ಯಾಣದ ವಿವಾಹ ಮತ್ತು ಶರಣರ ಚದುರುವಿಕೆ

ಶರಣ ಸಮುದಾಯ ಎದುರಿಸಿದ ಅತಿ ದೊಡ್ಡ ಪರೀಕ್ಷೆ ಒಂದು ಮದುವೆಯಿಂದ ಬಂದಿತು. ಸಮಗಾರ ಕುಲದ ಹರಳಯ್ಯನವರ ಮಗ ಶೀಲವಂತನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳು ಲಾವಣ್ಯಳಿಗೂ ವಿವಾಹ ನಡೆಯಿತು. ಎರಡೂ ಮನೆಯವರು ಶರಣರಾಗಿದ್ದುದರಿಂದ ಇದರಲ್ಲಿ ಕುಲದ ಪ್ರಶ್ನೆ ಇಲ್ಲವೆಂಬುದು ಶರಣರ ವಾದ. ವರ್ಣಸಂಕರವಾಯಿತೆಂಬುದು ಸಂಪ್ರದಾಯವಾದಿಗಳ ದೂರು. ಬಿಜ್ಜಳನು ಹರಳಯ್ಯ, ಮಧುವರಸರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಶಿಕ್ಷೆ ವಿಧಿಸಿದನೆಂದು ಪುರಾಣಗಳು ಹೇಳುತ್ತವೆ. ಬಸವಣ್ಣನವರು ಕೂಡಲಸಂಗಮಕ್ಕೆ ಹೋದರು. ಬಿಜ್ಜಳನ ಕೊಲೆಯಾಯಿತೆಂಬುದು ಕಾವ್ಯ, ಪುರಾಣಗಳ ನಿರೂಪಣೆ. ಶಾಸನಗಳಿಂದ ತಿಳಿಯುವುದು 1167ರ ಸುಮಾರಿಗೆ ಅವನ ಆಳ್ವಿಕೆ ಮುಗಿದು ಮಗ ಸೋವಿದೇವನು ಪಟ್ಟಕ್ಕೆ ಬಂದನೆಂಬುದು.

ಬಂದವರಿಂದ ಬೆಳೆದ ನಗರದಿಂದ ಅವರೇ ಹೊರನಡೆಯಬೇಕಾಯಿತು. ಚನ್ನಬಸವಣ್ಣನವರ ನೇತೃತ್ವದಲ್ಲಿ ಒಂದು ತಂಡ ವಚನದ ಕಟ್ಟುಗಳೊಂದಿಗೆ ಉತ್ತರ ಕನ್ನಡದ ಉಳವಿಯ ಕಡೆ ಸಾಗಿತು. ಮಡಿವಾಳ ಮಾಚಯ್ಯನವರು ಬೆಂಗಾವಲಾಗಿ ನಿಂತು ಬೆನ್ನಟ್ಟಿದ ಸೈನ್ಯವನ್ನು ಎದುರಿಸಿದರೆಂದೂ ಕಕ್ಕಯ್ಯನವರು ಬೆಳಗಾವಿ ಜಿಲ್ಲೆಯ ಕಕ್ಕೇರಿಯಲ್ಲಿ ಐಕ್ಯರಾದರೆಂದೂ ಪ್ರತೀತಿಯಿದೆ. ದೂರದ ಕಾಶ್ಮೀರದಿಂದ ಬಂದ ಮೋಳಿಗೆ ಮಾರಯ್ಯನವರು ಮಾತ್ರ ಕಲ್ಯಾಣವನ್ನು ಬಿಡದೆ ಇಲ್ಲಿಯೇ ಉಳಿದರೆಂಬುದು ಪರಂಪರೆಯ ನಂಬಿಕೆ. ಚಾಲುಕ್ಯರ ಕೊನೆಯ ದೊರೆ ನಾಲ್ಕನೆಯ ಸೋಮೇಶ್ವರನು ಕಳಚುರಿಗಳಿಂದ ರಾಜ್ಯವನ್ನು ಮರಳಿ ಪಡೆದರೂ ಅದು ಹೆಚ್ಚು ಕಾಲ ಬಾಳಲಿಲ್ಲ. ಹನ್ನೆರಡನೆಯ ಶತಮಾನದ ಅಂತ್ಯಕ್ಕೆ ಕಲ್ಯಾಣದ ರಾಜಧಾನಿಯ ಪಟ್ಟ ಕಳೆಯಿತು.

ಆಕರಗಳ ಸ್ವರೂಪ

ಅರಸರ ವಿಷಯವನ್ನು ಶಾಸನಗಳು ಹೇಳುತ್ತವೆ. ಕಾಯಕದವರ ವಿಷಯವನ್ನು ಅವರ ವಚನಗಳೇ ಹೇಳಬೇಕು. ವಚನಗಳಲ್ಲಿ ಕಸುಬು, ಉಪಕರಣ, ಹಸಿವು, ಸಂತೆಗಳ ಮಾತು ಧಾರಾಳವಾಗಿ ಬರುತ್ತದೆ. ಹರಿಹರನ ‘ಬಸವರಾಜದೇವರ ರಗಳೆ’, ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣಮು’, ಅದನ್ನು ಆಧರಿಸಿ ಭೀಮಕವಿ 1369ರಲ್ಲಿ ರಚಿಸಿದ ಕನ್ನಡ ‘ಬಸವಪುರಾಣ’, ಹದಿನೈದನೆಯ ಶತಮಾನದ ‘ಶೂನ್ಯಸಂಪಾದನೆ’ ಇವು ಶರಣರ ನಂತರದ ಕಾಲದ ಕೃತಿಗಳು. ಭಕ್ತಿಯಿಂದ ರಚಿತವಾದ ಇವುಗಳಲ್ಲಿ ಪವಾಡಗಳೂ ಬೆರೆತಿವೆ. ಬಸವಣ್ಣನವರ ಹೆಸರು ಬರುವ ಶಾಸನಗಳಲ್ಲಿ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ ಮುಖ್ಯವಾದುದು.

ಆಧುನಿಕ ಕಾಲದಲ್ಲಿ ಫ.ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ತಾಳೆಗರಿಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿದೆ. ಹಗ್ಗ ಹೊಸೆದವರ, ಕಟ್ಟಿಗೆ ಮಾರಿದವರ ಮಾತುಗಳು ಎಂಟು ಶತಮಾನಗಳ ನಂತರ ಓದಲು ಸಿಗುವುದು ಈ ಶ್ರಮದಿಂದಾಗಿ.

ಇಂದಿನ ಕುರುಹುಗಳು

ಬಸವಕಲ್ಯಾಣದಲ್ಲಿ ಕೋಟೆ, ತ್ರಿಪುರಾಂತಕ ಕೆರೆ, ನುಲಿಯ ಚಂದಯ್ಯ ಮತ್ತು ಅಕ್ಕನಾಗಮ್ಮನವರ ಹೆಸರಿನ ಗವಿಗಳು, ಮಡಿವಾಳ ಮಾಚಯ್ಯನವರ ಹೊಂಡ, ಉರಿಲಿಂಗಪೆದ್ದಿಯವರ ಮಠ ಇವೆ. ಸಮೀಪದ ನಾರಾಯಣಪುರದಲ್ಲಿ ಚಾಲುಕ್ಯ ಶೈಲಿಯ ಶಿವಾಲಯವಿದೆ. ಕಲ್ಯಾಣದ ನೆರೆಯ ಸೀಮೆಯಾದ ಇಂದಿನ ಹುಮನಾಬಾದ್ ತಾಲ್ಲೂಕಿನಲ್ಲಿ ದುಬಲಗುಂಡಿ, ಜಲಸಂಗಿ, ಮೋಳಕೇರಾ ಮೊದಲಾದ ಊರುಗಳಿವೆ. ಮೋಳಕೇರಾದ ಹೆಸರನ್ನು ಜನರು ಮೋಳಿಗೆ ಮಾರಯ್ಯನವರೊಂದಿಗೆ ಜೋಡಿಸುತ್ತಾರೆ. ಜಲಸಂಗಿಯ ದೇವಾಲಯದ ಹೊರಗೋಡೆಯಲ್ಲಿ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶ್ಲೋಕವನ್ನು ಬರೆಯುತ್ತಿರುವ ಶಿಲಾಬಾಲಿಕೆಯ ಶಿಲ್ಪವಿದೆ.

ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಪ್ರಯತ್ನದಿಂದ ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಸ್ಮಾರಕ ಕಟ್ಟಡ ನಿರ್ಮಾಣವಾಯಿತು. 2021ರ ಜನವರಿ 6ರಂದು ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆ ನೆರವೇರಿತು. ಹೈದರಾಬಾದ್ ಕರ್ನಾಟಕ ಎಂದು ಕರೆಯಲ್ಪಡುತ್ತಿದ್ದ ಪ್ರದೇಶಕ್ಕೆ 2019ರಲ್ಲಿ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರನ್ನು ಇಡಲಾಯಿತು.