ಕಣ್ಣಿಗೆ ಬಂದ ಹನಿಮದ್ದು

ಬೇಲೂರಿನ ಮದನಿಕೆಯರ ಕಣ್ಣುಗಳನ್ನು ಹೊಗಳದ ಪ್ರವಾಸಿಗರಿಲ್ಲ. ಅವನ್ನು ಕಡೆದವರ ಕಣ್ಣುಗಳ ಯೋಚನೆ ಮಾತ್ರ ನಮಗೆ ಬರುವುದು ಕಡಮೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನು ಕೊರೆದಿದ್ದಾರೆ. ಬಳಪದ ಕಲ್ಲು ಎಷ್ಟೇ ಮೆದುವಾದರೂ ಉಳಿಯ ಏಟಿಗೆ ಚಕ್ಕೆ ಸಿಡಿಯದೆ ಇರದು. ಅದು ಕರಿಗುಡ್ಡೆಯನ್ನು ಗೀರಿದರೆ, ಗೀರಿನಲ್ಲಿ ರೋಗಾಣು ನೆಲಸಿ ಹುಣ್ಣಾಗಬಹುದು; ಹುಣ್ಣು ಮಾಯ್ದ ಮೇಲೂ ಬಿಳಿಯ ಹೂವು ಉಳಿದು ನೋಟವನ್ನು ಮರೆಮಾಡುತ್ತದೆ.

ಅರಸೀಕೆರೆಯ ತೋಟದಲ್ಲಿ ತೆಂಗಿನಕಾಯಿ ಸುಲಿಯುವವನಿಗೂ, ಬೇಲೂರು ಕಡೆಯ ಗದ್ದೆಯಲ್ಲಿ ಬತ್ತ ಬಡಿಯುವವಳಿಗೂ, ಹಳೇಬೀಡಿನ ಕಣದಲ್ಲಿ ರಾಗಿ ತೂರುವವನಿಗೂ ಇದೇ ಅಪಾಯ. ನಾರಿನ ಒಂದು ಚೂರು, ಹೊಟ್ಟಿನ ಒಂದು ಕಣ ಸಾಕು. ಹಿಂದೆ ಮನೆಮನೆಯಲ್ಲಿದ್ದ ಉಪಚಾರವೆಂದರೆ ಮೊಲೆಹಾಲು, ನಂದಿಬಟ್ಟಲ ಹೂವು, ಹರಳೆಣ್ಣೆ. ಉರಿ ತಣಿದಂತೆ ತೋರಿದರೂ, ಬೇರೂರಿದ ಸೋಂಕು ಇವುಗಳಿಗೆ ಬಗ್ಗುತ್ತಿರಲಿಲ್ಲ.

1880ರ ಸುಮಾರಿಗೆ ಜರ್ಮನಿಯ ವೈದ್ಯ ಕ್ರೇಡೆ, ಆಗತಾನೆ ಹುಟ್ಟಿದ ಕೂಸುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ, ತಾಯಿಯಿಂದ ತಗಲುವ ಸೋಂಕು ತರುತ್ತಿದ್ದ ಕುರುಡುತನವನ್ನು ತಡೆದನು. ನಮ್ಮಲ್ಲಿ 1896ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಣ್ಣಾಸ್ಪತ್ರೆಯು 1913ರಲ್ಲಿ ಮಿಂಟೋ ಆಸ್ಪತ್ರೆಯ ಕಟ್ಟಡವನ್ನು ಸೇರಿತು. ವೈದ್ಯರಿದ್ದರು, ಆದರೆ ಆಂಟಿಬಯಾಟಿಕ್ ಎಂಬ ವರ್ಗದ ಹನಿಮದ್ದು ಬರಲು ಇನ್ನೂ ಮೂರು ದಶಕ ಹಿಡಿಯಿತು. 1947ರಲ್ಲಿ ವೆನಿಜುವೆಲಾದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಕ್ಲೋರಾಂಫೆನಿಕಾಲ್ ದೊರೆಯಿತು. ಹನಿಯಾಗಿಯೂ ಮುಲಾಮಾಗಿಯೂ ಅದು ಹಳ್ಳಿಯ ಔಷಧಾಲಯದವರೆಗೆ ನಡೆದುಬಂದಿತು.

ಆದರೆ ಮದ್ದಿಗಿಂತ ಹೊತ್ತು ದೊಡ್ಡದು. ನೇಪಾಳದ ಭಕ್ತಪುರದ ಹಳ್ಳಿಗಳಲ್ಲಿ ಕಾರ್ಯಕರ್ತರು ಕಣ್ಣು ಗೀರಿದವರಿಗೆ ಈ ಮುಲಾಮನ್ನು ದಿನಕ್ಕೆ 3 ಸಲದಂತೆ 3 ದಿನ ಹಚ್ಚಿದರು. 2001ರಲ್ಲಿ ಪ್ರಕಟವಾದ ವರದಿಯಂತೆ 442 ಮಂದಿಯಲ್ಲಿ 424 ಮಂದಿಗೆ ಸೋಂಕಿಲ್ಲದೆ ವಾಸಿಯಾಯಿತು. 18 ಗಂಟೆಯೊಳಗೆ ಬಂದ 284 ಮಂದಿಯಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು ಬಂದ 49 ಮಂದಿಯಲ್ಲಿ 14 ಮಂದಿಗೆ ಆಯಿತು.

ಹನಿಗೂ ಒಂದು ಎಲ್ಲೆಯುಂಟು. ಮದ್ರಾಸ್ ಐ ವೈರಸ್ಸಿನ ಬೇನೆ. ಅದಕ್ಕೆ ಈ ಮದ್ದು ನಾಟದು. ಹೊಲದ ಕಸದಿಂದಾಗುವ ಹುಣ್ಣಿನಲ್ಲಿ ಅನೇಕ ವೇಳೆ ಬೂಷ್ಟು ಇರುವುದುಂಟು. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಹನಿ ಅದನ್ನು ಉಲ್ಬಣಗೊಳಿಸುತ್ತದೆ. ಆದ್ದರಿಂದ ಕಣ್ಣು ಕೆಂಪಾದಾಗ ಶೀಸೆಯನ್ನು ಹುಡುಕುವ ಮೊದಲು ವೈದ್ಯರನ್ನು ಕಾಣಬೇಕು. ಅದೂ ಅಂದೇ, ಸಂತೆಯ ದಿನ ಬರಲೆಂದು ಕಾಯದೆ.