ಅಬ್ಬೆ

ಅಬ್ಬೆ: ತಾಯಿ, ಹಿರಿಯ ಹೆಂಗಸು, ಮಾನ್ಯಳಾದ ಸ್ತ್ರೀ ಎಂಬ ಅರ್ಥಗಳುಳ್ಳ ದ್ರಾವಿಡ ಮೂಲದ ಹಳಗನ್ನಡ ಪದ. ಅವ್ವೆ, ಅವ್ವ ಇದರ ಒಡನಾಡಿ ರೂಪಗಳು. ತಮಿಳಿನ ಅವ್ವೈ ತಾಯಿಗೂ ಮುದುಕಿಗೂ ತಪಸ್ವಿನಿಗೂ ಸಲ್ಲುತ್ತದೆ; ಕವಯಿತ್ರಿ ಅವ್ವೈಯಾರ್ ಹೆಸರು ಅದರಿಂದಲೇ ಬಂದದ್ದು. ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ.

ಶಾಸನಗಳಲ್ಲಿ ಅಬ್ಬೆ ಹೆಣ್ಣಿನ ಹೆಸರಿನ ಕೊನೆಗೆ ಗೌರವಸೂಚಕವಾಗಿ ಸೇರುತ್ತದೆ. ರನ್ನನಿಗೆ ಆಶ್ರಯವಿತ್ತ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಹೆಸರು ನಾಡಿಗೆಲ್ಲ ಗೊತ್ತು. ಆದರೆ ಈ ಪದದ ಬಾಳುವೆಯನ್ನು ಹತ್ತಿರದಿಂದ ಕಾಣಬೇಕಾದರೆ ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೇ ಬರಬೇಕು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಅಲ್ಲಿನ ಚಿಕ್ಕಬೆಟ್ಟದ ಕತ್ತಲೆ ಬಸದಿಯನ್ನು ಕಟ್ಟಿಸಿದ್ದು ತಾಯಿ ಪೋಚಿಕಬ್ಬೆಗಾಗಿ. ಅದೇ ರಾಜನ ಪಟ್ಟದರಸಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಾಗ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು. ಮಾಚಿಕಬ್ಬೆಯ ಗಂಡ ಶೈವ, ಅವಳು ಜೈನಳು. ತನ್ನ ಧರ್ಮವನ್ನು ಕೊನೆಯವರೆಗೂ ತಾನೇ ನಡೆಸಿದ ಹೆಂಗಸಿನ ಹೆಸರಿನಲ್ಲಿ ಈ ಅಬ್ಬೆ ಬರಿಯ ತಾಯ್ತನವನ್ನಷ್ಟೇ ಹೇಳುತ್ತದೆ ಎಂದರೆ ಒಪ್ಪುವುದು ಕಷ್ಟ.

ಇದೇ ಊರಿನಲ್ಲಿ ಹಿರಿಯ ಹೆಂಗಸರಿಗೆ ಬೇರೆ ಗೌರವಪದಗಳೂ ಇದ್ದವು. ಚಿಕ್ಕಬೆಟ್ಟದ ಸುಮಾರು 7ನೆಯ ಶತಮಾನದ ಬರಹಗಳಲ್ಲಿ ನಾಗಮತಿ, ಸಸಿಮತಿ ಮುಂತಾದ ಜೈನ ಸಂನ್ಯಾಸಿನಿಯರನ್ನು ‘ಗಂತಿಯರ್’ ಎಂದು ಕರೆದಿದೆ. ಇಮ್ಮಡಿ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ 1181ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಜನರ ಬಾಯಲ್ಲಿ ಅಕ್ಕನ ಬಸದಿಯಾಗಿಯೇ ಉಳಿದಿದೆ. ಕಟ್ಟಿಸಿದವಳ ಗೌರವಪದವೇ ಕಟ್ಟಡದ ಹೆಸರಾದದ್ದು ಹೀಗೆ.

ಹಿರಿಯ ಹೆಂಗಸಿಗೆ ಸಲ್ಲುವ ಇನ್ನೊಂದು ಮಾತು ಅಜ್ಜಿ. ಅದರ ಬೇರು ಸಂಸ್ಕೃತದ ‘ಆರ್ಯಾ’, ಪ್ರಾಕೃತದ ‘ಅಜ್ಜಾ’ ಎಂದು ವಿದ್ವಾಂಸರು ಹೇಳುವುದುಂಟು. ಪ್ರಾಕೃತದಲ್ಲಿ ಅದು ಜೈನ ಸಂನ್ಯಾಸಿನಿಯನ್ನು ಕರೆಯುವ ಮಾತೂ ಹೌದು. ಬೆಳಗೊಳದ ದೊಡ್ಡಬೆಟ್ಟದಲ್ಲಿ ಗೊಮ್ಮಟನಿಗೆ ಎದುರಾಗಿ ಗುಳ್ಳಕಾಯಜ್ಜಿಯ ವಿಗ್ರಹವಿದೆ. ಗೊಮ್ಮಟನನ್ನು ಕಡೆಯಿಸಿದ ದಂಡನಾಯಕ ಚಾವುಂಡರಾಯ ಮಾಡಿಸಿದ ಅಭಿಷೇಕದ ಹಾಲು ಮೂರ್ತಿಯ ಸೊಂಟದಿಂದ ಕೆಳಗಿಳಿಯದೆ ನಿಂತಾಗ, ಬಡ ಮುದುಕಿಯೊಬ್ಬಳು ಗುಳ್ಳದ ಕಾಯಿಯಲ್ಲಿ ತಂದ ತುಸು ಹಾಲು ಅಡಿಯವರೆಗೂ ಹರಿಯಿತು ಎಂಬುದು ಐತಿಹ್ಯ. ದಂಡನಾಯಕನ ಗರ್ವ ಮುರಿಯಲು ಯಕ್ಷಿಯೇ ಅಜ್ಜಿಯ ರೂಪದಲ್ಲಿ ಬಂದಳೆಂದು ಭಕ್ತರ ನಂಬಿಕೆ.

ನಡುಗನ್ನಡದ ಕಾಲಕ್ಕೆ ಅವ್ವೆ, ಅವ್ವ, ಅಮ್ಮ ರೂಪಗಳು ಮುಂದೆ ಬಂದು ಅಬ್ಬೆ ಹಿಂದೆ ಸರಿಯಿತು. ಇಂದು ರಾಮನಾಥಪುರ, ಅರಕಲಗೂಡು, ಹೊಳೆನರಸೀಪುರದ ಕಡೆಯ ಹಳ್ಳಿಗಳಲ್ಲಿ ಹೆತ್ತವಳು ‘ಅವ್ವ’, ಅವಳ ಅಕ್ಕ ‘ದೊಡ್ಡವ್ವ’. ಅಬ್ಬೆ ಎಂಬ ಹಳೆಯ ರೂಪ ಆಡುಮಾತಿನಲ್ಲಿ ಜೀವಂತವಾಗಿರುವುದು ದಕ್ಷಿಣ ಕನ್ನಡ, ಕಾಸರಗೋಡಿನ ಹವ್ಯಕರ ಮನೆಗಳಲ್ಲಿ. ಅಲ್ಲಿ ತಾಯಿಯನ್ನು ಈಗಲೂ ಅಬ್ಬೆ ಎಂದೇ ಕರೆಯುತ್ತಾರೆ.