ಮಾಲೀಶಿನಿಂದ ಫಿಸಿಯೋಥೆರಪಿಗೆ

ನೀವು ಫಿಸಿಯೋಥೆರಪಿ ಓದುತ್ತೇನೆಂದರೆ ‘ಮಾಲೀಶು ಕಲಿಯಲು ಕಾಲೇಜು ಬೇಕೇ?’ ಎನ್ನುವವರು ಇಂದಿಗೂ ಇದ್ದಾರೆ. ಈ ಮಾತು ಹಳೆಯದು. ಮಾಲೀಶಿನ ಹೆಸರಿನಲ್ಲಿ ಅನಾಚಾರ ನಡೆಯುತ್ತಿದೆಯೆಂದು ಲಂಡನ್ನಿನಲ್ಲಿ ಗುಲ್ಲೆದ್ದಾಗ, 1894ರಲ್ಲಿ ನಾಲ್ವರು ದಾದಿಯರು ಸಂಘ ಕಟ್ಟಿದರು. ವೈದ್ಯರ ಸೂಚನೆಯಿಲ್ಲದೆ ಮಾಲೀಶು ಮಾಡಬಾರದೆಂದು ನಿಯಮ ಹಾಕಿಕೊಂಡರು. ಮಾನವೇನೋ ಉಳಿಯಿತು, ಆದರೆ ವೃತ್ತಿ ವೈದ್ಯರ ನೆರಳಿಗೆ ಸರಿಯಿತು.

ನಮ್ಮ ದೇಶದಲ್ಲಿ ಪೋಲಿಯೊ ಹಾವಳಿಯ ಹಿನ್ನೆಲೆಯಲ್ಲಿ, 1950ರ ದಶಕದ ಆರಂಭದಲ್ಲಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಈ ಶಿಕ್ಷಣ ಆರಂಭವಾಯಿತು. ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು, ಬಿ.ಪಿ.ಟಿ. ಪದವಿ ಕೊಡುವುದು ಬಹುಮಟ್ಟಿಗೆ ಅದೇ. 2021ರಲ್ಲಿ ಕೇಂದ್ರ ಕಾಯ್ದೆಯೂ ಬಂತು. ಆದರೂ ಹೆಸರಿನ ಜಗಳ ಮುಗಿಯಲಿಲ್ಲ. ಫಿಸಿಯೋಥೆರಪಿಸ್ಟರು ‘ಡಾ.’ ಎಂದು ಬರೆದುಕೊಳ್ಳಬಾರದೆಂದು 2025ರ ಸೆಪ್ಟೆಂಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಪತ್ರ ಬರೆದು, ಮರುದಿನವೇ ಹಿಂಪಡೆಯಿತು!

ಪೀಣ್ಯದಲ್ಲಿ ಪ್ರೆಸ್ ಯಂತ್ರದ ಮುಂದೆ ದಿನವಿಡೀ ನಿಂತು ದುಡಿದವರಿಗೆ ಆ ‘ಡಾ.’ ಮುಖ್ಯವಲ್ಲ. ಕನ್ನಡದವರು ‘ಸೊಂಟ ಹಿಡ್ಕೊಂಡಿದೆ’ ಎನ್ನುತ್ತಾರೆ, ಉರ್ದುವಿನವರು ‘ಕಮರ್ ಅಕಡ್ ಗಯೀ’ ಎನ್ನುತ್ತಾರೆ. ಒಂದು ಹಿಡಿತ, ಇನ್ನೊಂದು ಸೆಟೆತ. ನಿಮ್ಮ ಇಂಗ್ಲಿಷ್ ಪಠ್ಯದಲ್ಲಿ ಎರಡಕ್ಕೂ ಇರುವುದು ‘ಲೋ ಬ್ಯಾಕ್ ಪೇನ್’ ಎಂಬ ಒಂದೇ ಹೆಸರು.